ಒಸಾಕಕ್ಕೆ ಕೊಡಬೇಕಿದ್ದ ಉತ್ತರ

ನನಗೆ ಒಂದೇ ಕಡೆ ಕೂರುವ ಜಾಯಮಾನವಿಲ್ಲ. ಸಣ್ಣವಳಿದ್ದಾಗ ಅಮ್ಮ, "ನಿನ್ನ ಕಾಲಿನ ಅಡಿಯಲ್ಲಿ ಕೆಂಡ ಉಂಟಾ ಹೇಗೆ?" ಎಂದು ಬೈಯುತ್ತಿದ್ದಳು. ಮದುವೆಯಾಗಿ ಸೌದಿಗೆ ಬಂದೆ ನೋಡಿ, ಅಲ್ಲಿಗೆ ಕಾಲಿಗೆ ಕೆಲಸವೇ ಇಲ್ಲದಂತಾಯಿತು. ಮೊದಲು ಹಫ್ರ್ ಅಲ್ ಬಾತಿನ್, ಆಮೇಲೆ ಜಿಜಾನ್, ಕೊನೆಗೆ ದಮ್ಮಾಮ್. ಊರು ಬದಲಾದದ್ದೇ ಬಂತು, ಫ್ಲ್ಯಾಟು ಮಾತ್ರ ಎಲ್ಲ ಕಡೆಯೂ ಅದೇ. ಕಿಟಕಿ ತೆರೆದರೆ ಎದುರು ಕಟ್ಟಡದ ನೀರಿನ ಟ್ಯಾಂಕು, ತೆರೆಯದಿದ್ದರೆ ಎ.ಸಿ.ಯ ಗುರುಗುರು. ಒಂದು ಕಟ್ಟು ಕೊತ್ತಂಬರಿ ಸೊಪ್ಪು ತರಬೇಕಾದರೂ ಗಂಡ ಬಂದು ಕಾರು ತೆಗೆಯಬೇಕು. ಅವರು ದೊಡ್ಡ ದೊಡ್ಡ ಪಂಪುಗಳನ್ನು ರಿಪೇರಿ ಮಾಡುವ ಕಂಪೆನಿಯಲ್ಲಿ ಸೂಪರ್‌ವೈಸರ್. ಬೆಳಿಗ್ಗೆ ಹೋದರೆ ಸಂಜೆಗೆ ಬರುವುದು. ಮಾತು ಕಡಿಮೆ. ನಾನು ಹತ್ತು ಮಾತಾಡಿದರೆ ಅವರದ್ದು ಒಂದು "ಹ್ಞೂಂ".

ಮಗಳು ಪಿಯುಸಿಗೆಂದು ಮಂಗಳೂರಿನ ಹಾಸ್ಟೆಲಿಗೆ ಸೇರಿದ ಮೇಲೆ ಮನೆ ಬಿಕೋ ಎನ್ನತೊಡಗಿತು. ಹುಚ್ಚು ಹಿಡಿಯಬಾರದೆಂದು ಫೋನಿನಲ್ಲಿ ಜಪಾನಿ ಭಾಷೆ ಕಲಿಯಲು ಶುರುಮಾಡಿದೆ. ಜಪಾನಿಯೇ ಯಾಕೆ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಗಂಡನ ಕಂಪೆನಿಗೆ ಪಂಪುಗಳು ಬರುತ್ತಿದ್ದುದು ಅಲ್ಲಿಂದ, ಅಷ್ಟೇ ನಂಟು. ಆದರೆ ಅದರ ಎರಡನೆಯ ಪಾಠದಲ್ಲೇ ಒಂದು ಹೆಂಗಸು ಮನೆಯಿಂದ ರೈಲು ನಿಲ್ದಾಣಕ್ಕೆ ನಡೆದುಕೊಂಡು ಹೋಗುತ್ತಾಳೆ. ದಾರಿಯಲ್ಲಿ ಹೂ ಕೊಳ್ಳುತ್ತಾಳೆ, ಮೀನಿನ ಅಂಗಡಿಯವನ ಹತ್ತಿರ ಮಾತಾಡುತ್ತಾಳೆ. ಅದನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಒಂದು ವರ್ಷ ಪಟ್ಟು ಹಿಡಿದು ಕಲಿತೆ.

ಹೀಗಿರುವಾಗ ಒಂದು ದಿನ ಸೂಪರ್ ಮಾರ್ಕೆಟಿನಲ್ಲಿ ಗಂಡನ ಆಫೀಸಿನವರೊಬ್ಬರ ಹೆಂಡತಿ ಸಿಕ್ಕಿ, "ಎಂತ ಮಾರಾಯ್ರೆ, ನಿಮ್ಮವರನ್ನು ಜಪಾನಿಗೆ ಕರ್ದಿದ್ದಾರಂತೆ? ಹೇಳ್ಲೇ ಇಲ್ಲ ನೀವು!" ಎಂದರು. ನನ್ನ ಕೈಯಲ್ಲಿದ್ದ ಬದನೆಕಾಯಿ ಕೈಯಲ್ಲೇ ಉಳಿಯಿತು. ಒಸಾಕದ ಹತ್ತಿರ ಪಂಪಿನ ಫ್ಯಾಕ್ಟರಿ, ಎರಡು ವರ್ಷದ ಕೆಲಸ. ಇವರಿಗೆ ಗೊತ್ತಾಗಿ ಆಗಲೇ ಎರಡು ವಾರ ಕಳೆದಿತ್ತು. ಸಂಜೆ ಬಂದವರನ್ನು ಬಾಗಿಲಲ್ಲೇ ಹಿಡಿದೆ.

"ಹೌದು, ಕೇಳಿದ್ದಾರೆ," ಎಂದು ಬೂಟು ಬಿಚ್ಚಿದರು.

"ನೀವೆಂತ ಹೇಳಿದ್ರಿ?"

"ನೋಡುವ."

ನಮ್ಮ ಕರಾವಳಿಯಲ್ಲಿ ಯಾರಾದರೂ "ನೋಡುವ" ಎಂದರೆ ಆ ಕೆಲಸ ಆಗುವುದಿಲ್ಲ ಎಂದೇ ಲೆಕ್ಕ. ನನಗೆ ಮೈಯೆಲ್ಲ ಉರಿಯಿತು. ಹುಟ್ಟಿದ ಮೇಲೆ ಮೊದಲ ಸಲ ನಾನು ಬೇಡಿಕೊಂಡದ್ದು ತಾನಾಗಿಯೇ ಬಾಗಿಲಿಗೆ ಬಂದು ನಿಂತಿದೆ, ಈ ಪುಣ್ಯಾತ್ಮ ಅದನ್ನು ಜಗಲಿಯಲ್ಲೇ ಕೂರಿಸಿ ಸುಮ್ಮನಿದ್ದಾರೆ! ಅವತ್ತಿನಿಂದ ಬೆಳಗಾದರೆ ಅದೇ ಮಾತು, ಸಂಜೆಯಾದರೆ ಅದೇ ಜಗಳ. ಇವರಿಗೆ ಊಟದ ಚಿಂತೆ ಇರಬೇಕು ಎಂದುಕೊಂಡೆ. ಎಲ್ಲಿಗೆ ಹೋದರೂ ಬ್ಯಾಗಿನಲ್ಲಿ ಮಿಡಿ ಉಪ್ಪಿನಕಾಯಿ ಇಟ್ಟುಕೊಳ್ಳುವ ಜನ, ಕುಚ್ಚಲಕ್ಕಿ ಇಲ್ಲದಿದ್ದರೆ ಮುಖ ಬಾಡುವ ಜನ. ಹಸಿ ಮೀನು ತಿನ್ನುವ ದೇಶಕ್ಕೆ ಹೆದರಿರಬೇಕು.

ಅಷ್ಟರಲ್ಲಿ ರಿಯಾದಿನಿಂದ ಕರೆ ಬಂತು. ಅಲ್ಲಿರುವ ಜಪಾನಿ ಮ್ಯಾನೇಜರು ಶನಿವಾರ ಮಧ್ಯಾಹ್ನ ಊಟಕ್ಕೆ ಕರೆದಿದ್ದರು, ಹೆಂಡತಿಯನ್ನೂ ಕರೆದುಕೊಂಡು ಬನ್ನಿ ಎಂದು. ಭಾನುವಾರ ಬೆಳಿಗ್ಗೆ ಆಫೀಸು ತೆರೆದ ಕೂಡಲೇ ಹೌದೋ ಅಲ್ಲವೋ ಎಂದು ಉತ್ತರ ಕೊಡಬೇಕಿತ್ತು. ನನಗಂತೂ ಅನುಮಾನವೇ ಉಳಿಯಲಿಲ್ಲ. ಇದು ಹೆಣ್ಣು ನೋಡುವ ಶಾಸ್ತ್ರ! ಹೆಂಡತಿ ಹೇಗಿದ್ದಾಳೆ, ಅಲ್ಲಿ ಹೊಂದಿಕೊಂಡಾಳೋ ಇಲ್ಲವೋ ಎಂದು ನೋಡಲಿಕ್ಕೇ ಕರೆದದ್ದು. ಒಂದು ಸ್ಟೀಲ್ ಡಬ್ಬಿ ತುಂಬ ತುಕ್ಕುಡಿ ಕರಿದೆ, ಇನ್ನೊಂದರಲ್ಲಿ ಎಳ್ಳುಂಡೆ ಕಟ್ಟಿದೆ. ಒಸಾಕದಲ್ಲಿ ಮಳೆ ಜಾಸ್ತಿ ಎಂದು ಕೇಳಿ ಎರಡು ಛತ್ರಿಯನ್ನೂ ತರಿಸಿದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದರೆ ಅದೇ. ಗಂಡ ಛತ್ರಿಗಳನ್ನು ನೋಡುತ್ತಾ ನಿಂತರು.

ಶುಕ್ರವಾರವೇ ಹೊರಡೋಣ ಎಂದು ಹಟ ಹಿಡಿದವಳು ನಾನು. ಪರೀಕ್ಷೆಯ ಮುಂಚಿನ ದಿನ ಒಮ್ಮೆ ಓದಿಕೊಳ್ಳುವ ಹಾಗೆ, ಮ್ಯಾನೇಜರ ಮನೆಗೆ ಹೋಗುವ ಮೊದಲು ಇವರನ್ನು ಒಂದು ಜಪಾನಿ ಹೋಟೆಲಿಗೆ ಕರೆದುಕೊಂಡು ಹೋಗಿ ಅಭ್ಯಾಸ ಮಾಡಿಸಬೇಕೆಂದು ನನ್ನ ಯೋಚನೆ. ರಿಯಾದಿಗೆ ಹೋಗುವ ಹೆದ್ದಾರಿ ನೇರ, ಆಚೆ ಈಚೆ ಮರಳು, ಒಂಟೆ ದಾಟದಂತೆ ಬೇಲಿ. ನಾನು ಸೀಟು ಹಿಂದೆ ಮಾಡಿದೆ, ಮುಂದೆ ಮಾಡಿದೆ, ಎ.ಸಿ. ಹೆಚ್ಚಿಸಿದೆ, ಕಡಿಮೆ ಮಾಡಿದೆ. ಚಪ್ಪಲಿ ಬಿಚ್ಚಿ ಕಾಲು ಮಡಚಿ, ಜಪಾನಿನವರು ಮೊಣಕಾಲೂರಿ ಕೂರುವುದನ್ನು ಸೀಟಿನ ಮೇಲೆಯೇ ಅಭ್ಯಾಸ ಮಾಡಲು ಹೊರಟೆ.

"ಬೆಲ್ಟ್ ಹಾಕ್ಕೊಂಡು ಸುಮ್ಮನೆ ಕೂತ್ಕೋ ಮಾರಾಯ್ತಿ. ಕ್ಯಾಮರಾ ಉಂಟು."

"ನೀವು ಒಮ್ಮೆ ಹೌದು ಅಂತ ಹೇಳಿ. ಮತ್ತೆ ಬೊಂಬೆ ಹಾಗೆ ಕೂರ್ತೇನೆ."

ಅದಕ್ಕೆ ಅವರು ರೇಡಿಯೋ ಹಾಕಿದರು.

ನಾವು ಮುಟ್ಟುವಾಗ ಜುಮ್ಮಾ ನಮಾಜಿನ ಹೊತ್ತು. ಹೋಟೆಲಿನ ಬಾಗಿಲು ತೆರೆಯುವ ತನಕ ಕಾರಿನಲ್ಲೇ ಕಾದೆವು, ಅಂದರೆ ಅವರು ಕಾದರು, ನಾನು ಪಾರ್ಕಿಂಗಿನಲ್ಲಿ ಶತಪಥ ಹಾಕಿದೆ. ಒಳಗೆ ಹೋದರೆ ಉದ್ದನೆಯ ಮರದ ಕಟ್ಟೆ, ಅದರ ಹಿಂದೆ ಬಿಳಿ ಟೊಪ್ಪಿ ಹಾಕಿದ ಫಿಲಿಪೀನಿ ಬಾಣಸಿಗ. ಒಂದು ವರ್ಷ ಕಲಿತ ಜಪಾನಿಯನ್ನು ಒಟ್ಟು ಮಾಡಿ ಅವನಿಗೆ ನಮಸ್ಕಾರ ಹೇಳಿದೆ. ಅವನು ನಕ್ಕು ಹಿಂದಿಯಲ್ಲಿ, "ಆಯಿಯೇ ಮೇಡಂ," ಎಂದ. ಗಂಡನಿಗೆ ನಗು ತಡೆಯಲಾಗಲಿಲ್ಲ.

ಗಾಜಿನ ಪೆಟ್ಟಿಗೆಯಲ್ಲಿ ಮೀನಿನ ತುಂಡುಗಳು ಸಾಲಾಗಿದ್ದವು, ಕೆಂಪು, ಬಿಳಿ, ಕಿತ್ತಳೆ. ಅಲ್ಲಿ ನನಗೆ ಗರ ಬಡಿದಂತಾಯಿತು. ಮಲ್ಪೆಯ ಬಂದರಿನಲ್ಲಿ ಅಜ್ಜಿಯ ಸೆರಗು ಹಿಡಿದು ಬೆಳೆದವಳು ನಾನು. ಕಿವಿರು ಎತ್ತಿ ಕೆಂಪು ನೋಡದೆ ಮೀನು ತೆಗೆದುಕೊಂಡು ಗೊತ್ತಿಲ್ಲ. ಬೇಯಿಸಿ ತಿನ್ನುವ ಮೀನಿಗೇ ಅಷ್ಟು ನೋಡುವವರು, ಹಸಿಯಾಗಿ ತಿನ್ನುವುದಕ್ಕೆ ನೋಡಬೇಡವೇ? "ಇದರ ತಲೆ ಎಲ್ಲಿ? ಕಿವಿರು ತೋರಿಸಿ," ಎಂದು ಕೇಳಿಯೇಬಿಟ್ಟೆ.

"ಅಯ್ಯೋ ದೇವ್ರೆ," ಎಂದು ಗಂಡ ಮೆನು ಕಾರ್ಡಿನ ಹಿಂದೆ ಮುಖ ಮುಚ್ಚಿಕೊಂಡರು.

ಬಾಣಸಿಗನಿಗೆ ಏನೂ ಬೇಸರವಾಗಲಿಲ್ಲ. ಒಳಗೆ ಹೋಗಿ ಐಸಿನಲ್ಲಿಟ್ಟ ಒಂದು ಇಡೀ ಮೀನನ್ನು ತಂದು ನನ್ನ ಎದುರು ಹಿಡಿದ. ನಮ್ಮ ಕಡೆಯ ಕೆಂಬೇರಿಯ ಜಾತಿಯದ್ದೇ ಇರಬೇಕು. ನಾನೇ ಬೆರಳು ಹಾಕಿ ಕಿವಿರು ಎತ್ತಿದೆ. ದಾಸವಾಳದ ಹಾಗೆ ಕೆಂಪಗಿತ್ತು. "ಆಗ್ಬಹುದು, ಇದನ್ನೇ ಕೊಡಿ," ಎಂದೆ. ಪಕ್ಕದಲ್ಲಿ ಕೂತಿದ್ದ ಸೌದಿ ಹುಡುಗಿಯರಿಬ್ಬರು ನನ್ನನ್ನು ನೋಡಿ, ತಮ್ಮ ತಟ್ಟೆ ನೋಡಿ, ನಮಗೂ ಆ ಮೀನೇ ಬೇಕು ಎಂದರು.

ತಿಂದೆವು. ಏನು ಹೇಳಲಿ! ಬಾಯಿಗೆ ಹಾಕಿದರೆ ಮೀನು ಎನ್ನುವ ವಾಸನೆಯೇ ಇಲ್ಲ, ತಣ್ಣಗೆ, ಸ್ವಲ್ಪ ಸಿಹಿ. ಅಡಿಯಲ್ಲಿ ಹುಳಿ ಹಿಡಿಸಿದ ಅನ್ನದ ಮುದ್ದೆ. ಪಕ್ಕದಲ್ಲಿಟ್ಟ ಹಸಿರು ಚಟ್ನಿಯ ಕಾರ ಮೂಗಿಗೆ ಹತ್ತಿ ಕಣ್ಣಿನಲ್ಲಿ ನೀರು ಬಂತು. ಕೆಮ್ಮುತ್ತಾ ತಿರುಗಿ ನೋಡಿದರೆ ನನ್ನ ಗಂಡ ಎರಡು ಕಡ್ಡಿಗಳನ್ನು ಬೆರಳ ನಡುವೆ ಹಿಡಿದು ಒಂದೊಂದೇ ತುಂಡನ್ನು ಎತ್ತಿ, ಸಾಸಿಗೆ ಅದ್ದಿ, ಒಂದು ಅಗುಳೂ ಬೀಳದಂತೆ ಬಾಯಿಗಿಡುತ್ತಿದ್ದಾರೆ. ಅಭ್ಯಾಸ ಮಾಡಿಸಲು ಕರೆತಂದವಳ ಕಡ್ಡಿಯಿಂದ ತುಂಡು ಮೂರು ಸಲ ಜಾರಿತ್ತು.

"ನೀವು ಎಲ್ಲಿ ಕಲ್ತದ್ದು ಇದನ್ನು?"

"ಸೈಟಿಗೆ ಅವರು ಬಂದಾಗ ಒಟ್ಟಿಗೆ ಊಟ ಮಾಡ್ತೇವಲ್ಲ."

"ಮನೆಯಲ್ಲಿ ಹೇಳ್ಲೇ ಇಲ್ಲ?"

"ಹೇಳ್ಲಿಕ್ಕೆ ಎಂತ ಉಂಟು ಅದರಲ್ಲಿ?"

ನೋಡಿ, ಇಂಥವರು. ಆದರೂ ಅವತ್ತು ನನಗೆ ಸಿಟ್ಟು ಬರಲಿಲ್ಲ. ಊಟಕ್ಕೆ ಹೆದರಿ ಬೇಡ ಎನ್ನುತ್ತಿಲ್ಲ ಎಂದು ಗೊತ್ತಾಯಿತು. ಹಾಗಾದರೆ ಮತ್ತೆ ಯಾವುದಕ್ಕೆ? ಈ ಪ್ರಶ್ನೆ ತಲೆಯೊಳಗೆ ಹೊಕ್ಕು ಸಂಜೆಯಿಡೀ ಕೂರಲು ಬಿಡಲಿಲ್ಲ. ರಾತ್ರಿ ತಂಗಿದ ಹೋಟೆಲಿನ ಕೋಣೆಯಲ್ಲಿ ಟಿವಿ ಹಾಕಿದೆ, ಆರಿಸಿದೆ, ನಾಳೆ ಉಡುವ ಸೀರೆ ಬದಲಾಯಿಸಿದೆ. ಇವರು ಮಗಳ ಹತ್ತಿರ ಫೋನಿನಲ್ಲಿ ಮಾತಾಡುತ್ತಿದ್ದರು. "ಅಮ್ಮನಿಗಾ? ಖುಷಿಯಲ್ಲಿದ್ದಾಳೆ," ಎಂದು ಹೇಳುವುದು ಕೇಳಿಸಿತು.

ಮ್ಯಾನೇಜರು ಇದ್ದದ್ದು ಬಾಡಿಗೆಯ ವಿಲ್ಲಾದಲ್ಲಿ. ಸಣಕಲು ಆಳು, ಐವತ್ತೈದು ಅರುವತ್ತರ ಪ್ರಾಯ, ಬಗ್ಗಿ ನಮಸ್ಕರಿಸಿದರೆ ಮತ್ತೆ ಏಳುವುದೇ ಇಲ್ಲವೇನೋ ಎನ್ನುವಷ್ಟು ಬಗ್ಗುವವರು. ಅವರ ಹೆಂಡತಿ ನನ್ನ ಭುಜದವರೆಗೆ ಬರುವ ಸಣ್ಣ ಹೆಂಗಸು, ಏಪ್ರನ್ ಕಟ್ಟಿಕೊಂಡೇ ಬಾಗಿಲಿಗೆ ಬಂದರು. ನಾವು ಚಪ್ಪಲಿ ಬಿಟ್ಟ ಕೂಡಲೇ ಅವನ್ನು ತಿರುಗಿಸಿ, ಹೋಗುವಾಗ ಕಾಲು ತೂರಿಸಲು ಸುಲಭವಾಗುವಂತೆ ಬಾಗಿಲ ಕಡೆ ಮುಖ ಮಾಡಿ ಇಟ್ಟರು. ಹಿರಿಯ ಹೆಂಗಸು ನನ್ನ ಚಪ್ಪಲಿ ಮುಟ್ಟಿದರೆಂದು ನನಗೆ ಮುಜುಗರವಾಗಿ ಅವರ ಕೈ ಹಿಡಿದೆ. ಅವರು ನಗುತ್ತಾ ಜಪಾನಿಯಲ್ಲಿ ಏನೋ ಹೇಳಿದರು. ನನಗೆ ಅರ್ಥವಾಯಿತು! "ಮನೆಗೆ ಬಂದವರ ಚಪ್ಪಲಿ" ಎನ್ನುವಷ್ಟು ಅರ್ಥವಾಯಿತು. ನಾನು ಅವರ ಭಾಷೆಯಲ್ಲೇ ಉತ್ತರ ಕೊಟ್ಟಾಗ ಆ ಹೆಂಗಸು ಚಪ್ಪಾಳೆ ತಟ್ಟಿದರು. ನಾನು ಗಂಡನ ಕಡೆ ನೋಡಿ ಹುಬ್ಬು ಹಾರಿಸಿದೆ.

ಸೌದಿ ಮನೆಗಳಲ್ಲಿ ಬಂದವರನ್ನು ಕೂರಿಸುವ ಮಜ್ಲಿಸ್ ಕೋಣೆಯನ್ನೇ ಅವರು ಜಪಾನಿ ಕೋಣೆ ಮಾಡಿಕೊಂಡಿದ್ದರು. ನೆಲದ ಮೇಲೆ ದಿಂಬು, ನಡುವೆ ಗಿಡ್ಡ ಮೇಜು, ಮೂಲೆಯಲ್ಲಿ ಹೂದಾನಿ, ಅದರಲ್ಲಿ ಒಂದೇ ಒಂದು ಟೊಂಗೆ. ಮೇಜಿನ ಮೇಲೆ ಕಪ್ಪು ಕಡಲಪಾಚಿಯ ಹಾಳೆಗಳು, ಹದವಾಗಿ ಹುಳಿ ಬೆರೆಸಿದ ಅನ್ನ, ಮೊಟ್ಟೆ, ಸೌತೆ, ಮೀನು. ಎಲ್ಲವನ್ನೂ ಅವರವರೇ ಹಾಳೆಯಲ್ಲಿ ಸುತ್ತಿಕೊಂಡು ತಿನ್ನುವುದು. ಬೀಡಾ ಕಟ್ಟಿದಂತೆ ಎನಿಸಿ ನನಗೆ ಕೈ ಕೂಡಿಬಂತು. ಮುಳ್ಳುಸೌತೆಯ ಉಪ್ಪಿನಕಾಯಿ, ಮೂಲಂಗಿಯ ಉಪ್ಪಿನಕಾಯಿ. ಸಿಹಿಮಿಶ್ರಿತ ಸಾಸಿನಲ್ಲಿ ಬೇಯಿಸಿದ ಬದನೆ ಬಲು ರುಚಿಯಾಗಿತ್ತು. ಅವರ ಊರಿನಲ್ಲಾದರೆ ಅದಕ್ಕೆ ಅಕ್ಕಿಯ ಮದ್ಯ ಹಾಕುತ್ತಾರಂತೆ, ಇಲ್ಲಿ ಸಿಗುವುದಿಲ್ಲವೆಂದು ಆ ಹೆಂಗಸು ಖರ್ಜೂರದ ಪಾಕ ಹಾಕಿದ್ದರು. ಮ್ಯಾನೇಜರು ಒಂದು ತುತ್ತಿಗೊಮ್ಮೆ ಕಣ್ಣು ಮುಚ್ಚುತ್ತಿದ್ದರು. ನಾನು ಮೊಣಕಾಲೂರಿ ಕೂತವಳು ಐದು ನಿಮಿಷಕ್ಕೆ ಕಾಲು ಜೋಮು ಹಿಡಿದು ಆ ಮಗ್ಗುಲಿಗೆ, ಈ ಮಗ್ಗುಲಿಗೆ ಹೊರಳಾಡಿ, ಕೊನೆಗೆ ಚಕ್ಕಳಮಕ್ಕಳ ಹಾಕಿಬಿಟ್ಟೆ.

ಕೊನೆಗೆ ಬಟ್ಟಲಿನಲ್ಲಿ ಸ್ವಲ್ಪ ಬಿಸಿ ಅನ್ನ ಬಂತು. ಅದರ ಮೇಲೆ ಉಪ್ಪಿನಲ್ಲಿ ಹಾಕಿದ ಒಂದು ಕೆಂಪು ಹಣ್ಣು. ಹೆಂಗಸು ಅದರ ಮೇಲೆ ಬಿಸಿ ಹಸಿರು ಚಹಾ ಸುರಿದರು. ಗಂಡ ಒಂದು ಬಾಯಿ ಉಂಡವರೇ ನಿಲ್ಲಿಸಿದರು. ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಸೊರ್ರೆಂದು ಕುಡಿದರು. ಹತ್ತೊಂಬತ್ತು ವರ್ಷ ನಾನು ಇವರಿಗೆ ಊಟ ಬಡಿಸಿದ್ದೇನೆ, ಮುಖ ಹೀಗೆ ಅರಳಿದ್ದನ್ನು ಕಂಡದ್ದು ಬೆರಳೆಣಿಕೆಯಷ್ಟು ಸಲ.

"ಇದು ನಮ್ಮ ಗಂಜಿ ಊಟವೇ ಮಾರಾಯ್ತಿ! ಥೇಟ್ ಮಿಡಿ ಉಪ್ಪಿನಕಾಯಿ!" ಎಂದರು ನನಗೆ. ಆಮೇಲೆ ಮ್ಯಾನೇಜರ ಕಡೆ ತಿರುಗಿ ಇಂಗ್ಲಿಷಿನಲ್ಲಿ, "ಇದೊಂದು ಇದ್ದರೆ ಎರಡು ವರ್ಷ ಆರಾಮದಲ್ಲಿ ಇರಬಹುದು," ಎಂದರು.

ಗೆದ್ದೆ ಎಂದುಕೊಂಡೆ. ಎದ್ದು ಕುಣಿಯುವುದೊಂದು ಬಾಕಿ. ಕೂರಲಾಗದೆ ತಟ್ಟೆಗಳನ್ನು ಎತ್ತಿಕೊಂಡು ಹೆಂಗಸಿನ ಹಿಂದೆ ಅಡುಗೆಮನೆಗೆ ಹೋದೆ. ಬೇಡ ಬೇಡ ಎಂದರೂ ಕೇಳದೆ ಬಟ್ಟೆ ಹಿಡಿದು ಪಾತ್ರೆ ಒರೆಸಲು ನಿಂತೆ. ಅವರು ನನ್ನ ಎರಡೂ ಡಬ್ಬಿಗಳನ್ನು ಅಷ್ಟರಲ್ಲೇ ಖಾಲಿ ಮಾಡಿ ತೊಳೆದು, ಅವುಗಳಲ್ಲಿ ಅನ್ನದ ಮುಕ್ಕೋನ ಉಂಡೆಗಳನ್ನು ತುಂಬಿಸಿ ಇಟ್ಟಿದ್ದರು. ದಾರಿಗೆ ಎಂದರು. ಕೊಟ್ಟವರ ಪಾತ್ರೆಯನ್ನು ಬರಿದಾಗಿ ಕಳಿಸಬಾರದು ಎನ್ನುವುದು ಅಲ್ಲಿಯೂ ಇದೆ ಎಂದು ತಿಳಿದು, ಇನ್ನು ಆ ದೇಶದಲ್ಲಿ ನನಗೆ ಏನೂ ಕಷ್ಟವಾಗದು ಎನಿಸಿತು.

ಆ ಹೆಂಗಸು ಸ್ವಲ್ಪ ಇಂಗ್ಲಿಷು, ಸ್ವಲ್ಪ ಜಪಾನಿ ಸೇರಿಸಿ ಮೆಲ್ಲಗೆ ಮಾತಾಡುವವರು. "ನೀವು ತುಂಬ ಗಟ್ಟಿಗರು," ಎಂದರು. "ಮೊದಲ ಸಲ ಇವರನ್ನು ಕಳಿಸುವಾಗ ನಾನು ವಿಮಾನ ನಿಲ್ದಾಣಕ್ಕೂ ಹೋಗಲಿಲ್ಲ. ಮನೆಯಲ್ಲೇ ಅಳುತ್ತಾ ಕೂತಿದ್ದೆ. ನೀವು ನಗುತ್ತಾ ಕಳಿಸುತ್ತಿದ್ದೀರಿ."

"ಕಳಿಸುವುದು ಎಲ್ಲಿಗೆ? ನಾನೂ ಹೋಗುವವಳೇ ಅಲ್ಲವಾ?"

ಅವರ ಕೈ ನೀರಿನಡಿಯಲ್ಲಿ ಹಾಗೇ ನಿಂತಿತು. ನಲ್ಲಿ ನಿಲ್ಲಿಸಿದರು. ನನ್ನ ಮುಖ ನೋಡಿದರು, ಬಾಗಿಲಿನಾಚೆ ಗಂಡಸರು ಕೂತ ಕಡೆ ನೋಡಿದರು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು, "ಕ್ಷಮಿಸಿ, ಕ್ಷಮಿಸಿ," ಎಂದು ಬಗ್ಗತೊಡಗಿದರು. ಅವರನ್ನು ನಿಲ್ಲಿಸಿ ಕೇಳಿದ ಮೇಲೆ ವಿಷಯ ಹೊರಗೆ ಬಂತು. ಫ್ಯಾಕ್ಟರಿಯ ಪಕ್ಕದಲ್ಲೇ ವಸತಿ, ಒಬ್ಬ ಗಂಡಸಿಗೆ ಒಂದು ಕೋಣೆ. ಕುಟುಂಬಕ್ಕೆ ವೀಸಾ ಇಲ್ಲ, ಎರಡು ವರ್ಷವೂ ಇಲ್ಲ. ಅವರಲ್ಲಿ ಅದು ಸಾಮಾನ್ಯವಂತೆ. ಕಂಪೆನಿ ಕಳಿಸಿದ ಕಡೆಗೆ ಗಂಡ ಒಬ್ಬನೇ ಹೋಗುವುದು, ಮಕ್ಕಳ ಶಾಲೆ, ಅತ್ತೆ ಮಾವ ಎಂದು ಹೆಂಡತಿ ಊರಲ್ಲೇ ಉಳಿಯುವುದು. ಹಾಗೆ ಇರುವುದಕ್ಕೆ ಅವರ ಭಾಷೆಯಲ್ಲಿ ಒಂದು ಹೆಸರೇ ಇದೆ. ಈ ಹೆಂಗಸು ಕೂಡ ರಿಯಾದಿನಲ್ಲಿ ವಾಸ ಮಾಡುವವರಲ್ಲ, ವರ್ಷಕ್ಕೊಮ್ಮೆ ಬಂದು ಹೋಗುವವರು. ಮದುವೆಯ ಬಹುಪಾಲು ಹೀಗೇ ಕಳೆಯಿತು ಎಂದು, ಯಾರದೋ ಸುದ್ದಿ ಹೇಳುವಂತೆ ಹೇಳಿದರು.

ಅವರು ಹೇಳಿದ್ದು ನನಗೆ ಹೊಸ ಸಂಗತಿಯೇನಲ್ಲ. ಗಲ್ಫಿನಲ್ಲಿ ಮೂರು ಮಕ್ಕಳ ತಂದೆಯೂ ಹೆಂಡತಿ ಊರಿನಲ್ಲಿದ್ದರೆ "ಬ್ಯಾಚುಲರ್". ನನ್ನ ಅಪ್ಪ ಅಂಥ ಬ್ಯಾಚುಲರ್. ಎರಡು ವರ್ಷಕ್ಕೊಮ್ಮೆ ಬರುವಾಗ ನಾನು ಬಾಗಿಲ ಹಿಂದೆ ಅಡಗುತ್ತಿದ್ದೆ. ಅಮ್ಮ ಅವರಿಗೆ ಹೇಳಬೇಕೆಂದು ಎರಡು ವರ್ಷ ಕೂಡಿಟ್ಟುಕೊಂಡ ಮಾತು ಮೂರನೆಯ ದಿನಕ್ಕೆ ಮುಗಿದುಹೋಗುತ್ತಿತ್ತು. ಆಮೇಲೆ ಇಬ್ಬರೂ ಬಸ್ಸಿನಲ್ಲಿ ಅಕ್ಕಪಕ್ಕ ಕೂತ ಗುರುತಿಲ್ಲದವರ ಹಾಗೆ ಜಗಲಿಯಲ್ಲಿ ಕೂರುತ್ತಿದ್ದರು. ಅದನ್ನು ಕಂಡೇ ನಾನು, ಗಲ್ಫಿಗೆ ಕರೆದುಕೊಂಡು ಹೋಗುವ ಗಂಡನಾದರೆ ಮಾತ್ರ ಮದುವೆ ಎಂದು ಹಟ ಮಾಡಿದ್ದು. ನನ್ನ ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ಇವರ ಇಕಾಮಾಕ್ಕೆ ಅಂಟಿಕೊಂಡದ್ದು. ಇವರು ಸೌದಿ ಬಿಟ್ಟರೆ ನಾನೂ ಗಂಟುಮೂಟೆ ಕಟ್ಟಿ ಊರಿಗೆ ಹೋಗಿ ಕೂರಬೇಕು. ಹೋಗಿ ಹೋಗಿ ಎಂದು ನಾನು ದಿನಾ ಇವರನ್ನು ದೂಡುತ್ತಿದ್ದುದು ಇದಕ್ಕೆ!

ಹೇಗೆ ವಿದಾಯ ಹೇಳಿದೆನೋ ಗೊತ್ತಿಲ್ಲ. ಹೆಂಗಸು ನನ್ನ ಎರಡೂ ಕೈ ಹಿಡಿದುಕೊಂಡರು. ಗೇಟು ದಾಟಿ ಕಾರು ತಿರುಗುವವರೆಗೂ ಇಬ್ಬರೂ ಬಿಸಿಲಿನಲ್ಲಿ ಬಗ್ಗಿಯೇ ನಿಂತಿದ್ದರು. ರಿಯಾದಿನ ಕಟ್ಟಡಗಳು ಮುಗಿಯುವ ತನಕ ನಾನು ಬಾಯಿ ಬಿಡಲಿಲ್ಲ.

"ಹೊಟ್ಟೆ ಸರಿ ಇಲ್ವಾ?" ಎಂದರು ಗಂಡ.

"ಒಬ್ಬರೇ ಹೋಗುದು ಅಂತ ನಿಮಗೆ ಮೊದ್ಲೇ ಗೊತ್ತಿತ್ತಾ?"

ಸ್ವಲ್ಪ ದೂರ ಕಾರು ಓಡಿತು. "ಗೊತ್ತಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ? ನಾನೆಂತ ಮಂಗ ಅಂತ ಮಾಡಿದ್ರಾ? ಎರಡೆರಡು ಛತ್ರಿ ತರ್ಸುವಾಗ ನೋಡ್ತಾ ನಿಂತ್ರಲ್ಲ!"

"ನೀನು ಆ ಫೋನ್ ಹಿಡ್ಕೊಂಡು ಮನೆ ಇಡೀ ಕುಣೀತಾ ಇದ್ದಿ. ಮಗಳು ಹೋದ ಮೇಲೆ ನಿನ್ನ ಮುಖದಲ್ಲಿ ನಗು ಕಂಡದ್ದೇ ಆಗ. ಹೇಗೆ ಹೇಳುದು? ನಾನೇ ಬೇಡ ಅಂತ ಹೇಳಿ ಮುಗಿಸುವ ಅಂತ ಇದ್ದೆ. ನೀನು ಬಿಟ್ರೆ ಅಲ್ವಾ?"

ಅಳು ಬಂತು, ಅದಕ್ಕಿಂತ ಜೋರಾಗಿ ಸಿಟ್ಟು ಬಂತು. ಪರ್ಸು ತೆಗೆದು ಹಿಂದಿನ ಸೀಟಿಗೆ ಎಸೆದೆ. ಅವರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಸುಮಾರು ಹೊತ್ತಿನ ಮೇಲೆ ನನಗೆ ಹೊಳೆಯಿತು, ಇಷ್ಟು ದಿನದ ಜಗಳದಲ್ಲಿ ಒಂದು ಮಾತನ್ನು ನಾನು ಇವರಲ್ಲಿ ಕೇಳಿಯೇ ಇರಲಿಲ್ಲ.

"ನಿಮಗೆ ಹೋಗ್ಲಿಕ್ಕೆ ಮನಸ್ಸುಂಟಾ?"

ಒಂದು ಲಾರಿ, ಇನ್ನೊಂದು ಲಾರಿ, ಎರಡನ್ನೂ ದಾಟಿದರು.

"ಉಂಟು," ಎಂದರು. ಆಮೇಲೆ ಇವರ ಜನ್ಮದಲ್ಲಿ ನಾನು ಕೇಳದಷ್ಟು ಮಾತು ಒಮ್ಮೆಲೇ ಬಂತು. "ಇಷ್ಟು ವರ್ಷ ಯಾರೋ ಮಾಡಿದ್ದನ್ನು ಬಿಚ್ಚಿದ್ದು, ಕಟ್ಟಿದ್ದು, ಅಷ್ಟೇ. ಅದು ಹುಟ್ಟುದು ಎಲ್ಲಿ, ಯಾಕೆ ಹಾಗೆ ಮಾಡಿದ್ದಾರೆ ಅಂತ ಒಮ್ಮೆ ಆ ಜಾಗದಲ್ಲಿ ನಿಂತು ನೋಡ್ಬೇಕು ಅಂತ ಆಸೆ. ಅಲ್ಲಿ ಅವರ ಬೆಂಚಿನಲ್ಲೇ ಕೂರ್ಸಿ ಕಲಿಸ್ತಾರಂತೆ. ಈ ಪ್ರಾಯಕ್ಕೆ ಯಾರು ಕರೀತಾರೆ ನನ್ನನ್ನು? ನನ್ನ ಹೆಸ್ರು ಅವರೇ ಹೇಳಿದ್ದು. ನಾನು ಕೇಳಿದ್ದಲ್ಲ." ಹೇಳಿ ಮುಗಿಸಿ ನಾಚಿಕೊಂಡವರಂತೆ ಕನ್ನಡಿ ಸರಿಮಾಡಿದರು.

ದಾರಿಯ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದಾಗ ನಾನು ಇಳಿದು ಕಾರಿನ ಸುತ್ತ ನಡೆದೆ. ಗಾಳಿಗೆ ಮರಳು ಹಾರಿ ಹಲ್ಲಿಗೆ ಸಿಕ್ಕುತ್ತಿತ್ತು. ನಡೆದೆ, ತಿರುಗಿದೆ, ಮತ್ತೆ ನಡೆದೆ. ಇವರು ಬಾನೆಟ್ಟಿಗೆ ಒರಗಿ ಡಬ್ಬಿ ತೆರೆದು ಒಂದು ಅನ್ನದ ಉಂಡೆಯನ್ನು ನನ್ನ ಕಡೆ ಚಾಚಿದರು. "ತಿನ್ನು. ಮಧ್ಯಾಹ್ನ ನೀನು ಸರಿ ಊಟ ಮಾಡ್ಲಿಲ್ಲ." ತಿಂದೆ. ರುಚಿಯಾಗಿಯೇ ಇತ್ತು. ಆ ಸಂಕಟದಲ್ಲೂ ರುಚಿ ಗೊತ್ತಾಗುತ್ತದಲ್ಲ ಎಂದು ನನ್ನ ಮೇಲೆಯೇ ಸಿಟ್ಟು ಬಂತು.

ಹೋಗಿ ಎಂದು ಹೇಳಬೇಕಿತ್ತು. ದೊಡ್ಡ ಮನಸ್ಸಿನ ಹೆಂಡತಿಯಾದರೆ ಹಾಗೇ ಹೇಳುತ್ತಿದ್ದಳು. ಆ ಸಣ್ಣ ಹೆಂಗಸು ಹಾಗೇ ಹೇಳಿ ಕಳಿಸಿರಬೇಕು, ನನ್ನ ಅಮ್ಮನೂ ಹೇಳಿರಬೇಕು. ನಾಲಿಗೆ ತುದಿಯವರೆಗೆ ಬಂತು ಕೂಡ.

"ಬೇಡ," ಎಂದೆ. "ಹೋಗ್ಬೇಡಿ. ನಂಗೆ ಆಗುದಿಲ್ಲ. ನಿಮಗೆ ಆಸೆ ಉಂಟು ಅಂತ ಗೊತ್ತಾಗಿಯೂ ಹೇಳ್ತೇನೆ, ನಂಗೆ ಆಗುದಿಲ್ಲ."

ಅವರು ಕೈಗಂಟಿದ ಅಗುಳನ್ನು ಬಾಯಿಗೆ ಹಾಕಿಕೊಂಡರು. "ಆಯ್ತು," ಎಂದರು. ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿದರು. "ಯಲ್ಲಾ, ಹತ್ತು. ಬೆಳಕಿರುವಾಗಲೇ ಮುಟ್ಟುವ."

ಅಷ್ಟೇ! ಒಂದು ಮಾತು ಜಗಳವಾಡಿದ್ದರೆ, ಒಂದು ಸಲ ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ದಮ್ಮಾಮಿನವರೆಗೆ ಆ "ಆಯ್ತು" ನನ್ನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿತ್ತು.

ಭಾನುವಾರ ಬೆಳಿಗ್ಗೆ ಅವರು ಹೋದ ಮೇಲೆ ನಾನು ಒಲೆ ಒರೆಸಿದೆ, ಒರೆಸಿದ್ದನ್ನೇ ಮತ್ತೆ ಒರೆಸಿದೆ. ಫೋನು ಬಂತು.

"ಮ್ಯಾನೇಜರಿಗೆ ಹೇಳಿ ಆಯ್ತು. ಆಗುದಿಲ್ಲ ಅಂತ."

"ಯಾಕೆ ಅಂತ ಕೇಳ್ಲಿಲ್ವಾ ಅವರು?"

"ಕೇಳಿದ್ರು."

ಹೆಂಡತಿ ಒಪ್ಪಲಿಲ್ಲ ಎಂದಿರುತ್ತಾರೆ. ನಿಜವೂ ಅದೇ ತಾನೆ. ಆಫೀಸಿನಲ್ಲಿ ನಾಲ್ಕು ಜನ ಆಡಿಕೊಳ್ಳಲಿ, ಅನುಭವಿಸುತ್ತೇನೆ ಎಂದು ಗಟ್ಟಿಮನಸ್ಸು ಮಾಡಿಕೊಂಡೆ. "ಎಂತ ಹೇಳಿದ್ರಿ?"

"ಹೆಂಡ್ತಿಯನ್ನು ಬಿಟ್ಟು ಇರ್ಲಿಕ್ಕೆ ನನ್ನಿಂದ ಆಗುದಿಲ್ಲ ಅಂತ ಹೇಳಿದೆ."

ಒಲೆ ಒರೆಸುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟೆ. ಆ ಕಡೆ ಯಾವುದೋ ಯಂತ್ರದ ಸದ್ದು ಕೇಳುತ್ತಿತ್ತು.

"ಅವರೆಂತ ಹೇಳಿದ್ರು?" ಎಂದೆ ಕೊನೆಗೆ.

"'ನಾನು ಹೀಗೆ ಹೇಳಬಹುದಿತ್ತು ಅಂತ ನನಗೆ ಯಾವತ್ತೂ ಹೊಳೆಯಲೇ ಇಲ್ಲ' ಅಂದ್ರು." ಹಿಂದಿನಿಂದ ಯಾರೋ ಇವರನ್ನು ಕೂಗಿದರು. "ಇಡ್ತೇನೆ ಆಯ್ತಾ? ಒಂದು ಪಂಪ್ ಬಂದಿದೆ, ಬಿಚ್ಲಿಕ್ಕುಂಟು."